ನನ್ನ ಬಗ್ಗೆ ಒಂದು ಪುಟ

ಒಂಬತ್ತು ವರ್ಷಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ಓದುಗನೊಬ್ಬ ಬುಧವಾರ ಸಂಜೆ ಕೇಳಿದನು: "ಇಷ್ಟೆಲ್ಲ ಬರೀತೀರಲ್ಲ ಸ್ವಾಮಿ, ನೀವು ಯಾರು?"

ಪ್ರಶ್ನೆ ಬಂದದ್ದು ತೂಕ ಮತ್ತು ಅಳತೆ ಇಲಾಖೆಯ ತಕ್ಕಡಿ ಪರೀಕ್ಷಕನೊಬ್ಬನ ಬ್ಲಾಗಿಗೆ. ಅದನ್ನು ದಿನಕ್ಕೆ ಸರಾಸರಿ ಹದಿನಾಲ್ಕು ಮಂದಿ ಓದುತ್ತಿದ್ದರೆಂದು ಬ್ಲಾಗೇ ಹೇಳುತ್ತಿತ್ತು. ಆ ಹದಿನಾಲ್ಕರಲ್ಲಿ ಮೂರು ಅವನೇ. ಉಳಿದ ಹನ್ನೊಂದರಿಂದ ದಾರಿ ತಪ್ಪಿ ಬಂದವರನ್ನು ಕಳೆದರೆ ನಾಲ್ಕೋ ಐದೋ ಶೇಷ. ಆ ಶೇಷದಲ್ಲಿ ಒಬ್ಬ ತನ್ನನ್ನು ಯಾರೆಂದು ವಿಚಾರಿಸಿದ್ದು, ಮೂಲೆಯಲ್ಲಿ ವರ್ಷಗಟ್ಟಲೆ ಒರಗಿ ನಿಂತ ಕೊಡೆಯನ್ನು ಯಾರೋ ಎತ್ತಿ "ಇದು ಯಾರದು?" ಎಂದು ಕೇಳಿದಂತೆ ಪರೀಕ್ಷಕನಿಗೆ ತೋರಿತು. ಗುರುವಾರ ಬೆಳಿಗ್ಗೆ ಮನೆಯವರು ಏಳುವ ಮೊದಲೇ ಎದ್ದು, 'ನನ್ನ ಬಗ್ಗೆ' ಎಂಬ, ಅಲ್ಲಿಯವರೆಗೆ ಖಾಲಿಯಾಗಿದ್ದ ಪುಟವನ್ನು ತೆರೆದು ಹೀಗೆ ಬರೆದನು:

"ನನ್ನ ಅಪ್ಪ ಕ್ಷೌರದ ಅಂಗಡಿ ಇಟ್ಟಿದ್ದ. ಒಂದು ಕುರ್ಚಿ, ಒಂದು ಕನ್ನಡಿ, ಕಾಯುವವರಿಗೊಂದು ಬೆಂಚು. ಕುತ್ತಿಗೆಯ ಹತ್ತಿರ ಕತ್ತಿ ಇರುವಾಗ ಮನುಷ್ಯ ಸುಳ್ಳು ಹೇಳುವುದು ಕಡಿಮೆ ಎನ್ನುತ್ತಿದ್ದ. ಆ ಬೆಂಚಿನ ಮೇಲೆ ಕುಳಿತು ನಾನು ಓದಲು ಕಲಿತೆ.

ದೇವರಿದ್ದಾನೆಯೇ, ನನಗೆ ತಿಳಿಯದು. ಮಗಳಿಗೆ ಜ್ವರ ಬಂದಿದ್ದ ಮೂರು ದಿನ ಇದ್ದಾನೆಂದು ನಂಬಿದ್ದೆ. ಜ್ವರ ಇಳಿದ ಮೇಲೆ ಮತ್ತೆ ವಿಚಾರಿಸಲಿಲ್ಲ. ಅದು ನನ್ನ ತಪ್ಪು.

ಏಳು ಸಲ ಮತ ಹಾಕಿದ್ದೇನೆ. ಐದು ಸಲ ನಾನು ಆರಿಸಿದವರು ಸೋತರು. ಎರಡು ಸಲ ಅವರು ಗೆದ್ದರು. ಆಗ ನಾನು ಸೋತೆ.

ಯಾಕೆ ಬರೆಯುತ್ತೇನೆ? ಕುರ್ಚಿಯಲ್ಲಿ ಕುಳಿತವರ ಮಾತನ್ನೆಲ್ಲ ಅಪ್ಪ ಕೇಳಿಸಿಕೊಳ್ಳುತ್ತಿದ್ದ. ಅಪ್ಪನ ಮಾತು ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ, ನಾನೂ ಕೇಳಿಸಿಕೊಳ್ಳಲಿಲ್ಲ. ಅದಕ್ಕೇ ಈಗ ಬರೆಯುತ್ತೇನೆ."

ಎರಡು ಸಲ ಓದಿದನು. ತೆಗೆಯಲು ಒಂದು ಪದವೂ ಸಿಗಲಿಲ್ಲ. ಪ್ರಕಟಿಸಿ, ಮುಖ ತೊಳೆದು, ಸಾಮಾನಿನ ಪೆಟ್ಟಿಗೆಗಳ ನಡುವೆ ದಾರಿ ಮಾಡಿಕೊಂಡು ತನ್ನ ಚಪ್ಪಲಿ ಹುಡುಕಿದನು.

ಪೆಟ್ಟಿಗೆಗಳಿಗೆ ಕಾರಣವಿತ್ತು. ಅವನಿದ್ದ ಬಾಡಿಗೆ ಮನೆಯನ್ನು ಅದರ ಮಾಲೀಕ ಸೋಮವಾರ ಕೆಡವಲಿದ್ದನು. ಭಾನುವಾರ ಸಂಜೆಯೊಳಗೆ ಗಂಡ, ಹೆಂಡತಿ, ಮಗಳು ಮೂವರೂ ಹೊರಡಬೇಕು. ಎಲ್ಲಿಗೆ ಎಂಬುದು ತೀರ್ಮಾನವಾಗಿರಲಿಲ್ಲ. ಹನ್ನೆರಡು ಮನೆ ನೋಡಿದ್ದರು, ಹನ್ನೆರಡರಲ್ಲೂ ಇಲ್ಲವೆನಿಸಿಕೊಂಡಿದ್ದರು. ಒಬ್ಬ ಮಾಲೀಕನಿಗೆ ಇವರ ದೇವರು ಯಾರೆಂದು ಖಚಿತವಾಗಬೇಕಿತ್ತು. ಇನ್ನೊಬ್ಬನಿಗೆ ಇವರ ಮತ ಯಾರಿಗೆಂದು ತಿಳಿಯಬೇಕಿತ್ತು. ಮೂರನೆಯವನು ಎಲ್ಲವನ್ನೂ ಒಪ್ಪಿ, ಕೊನೆಗೆ "ನಿಮ್ಮ ತಂದೆಯವರು ಏನು ಮಾಡ್ತಿದ್ರು?" ಎಂದು ಕೇಳಿ, ಉತ್ತರ ಕೇಳಿ, ಕೊಟ್ಟಿದ್ದ ಕುಡಿಯುವ ನೀರಿನ ಲೋಟವನ್ನು ತಾನೇ ಎತ್ತಿಕೊಂಡು ಒಳಗೆ ಹೋಗಿದ್ದನು. ಆ ಲೋಟವನ್ನು ಹೆಂಡತಿ ಮರೆತಿರಲಿಲ್ಲ.

ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಮನೆ ದಲ್ಲಾಳಿಯ ಫೋನು ಬಂದಿತು.

"ಸಾರ್, ಸಿಕ್ತು! ಎರಡು ರೂಮು, ಬಿಸಿಲು ಬರೋ ಅಡುಗೆಮನೆ, ಹಿಂದೆ ಬಟ್ಟೆ ಒಣಗಿಸೋಕೆ ಜಾಗ. ಆದ್ರೆ ಆ ಮೇಡಂ ಸ್ವಲ್ಪ ಬೇರೆ ಥರ."

"ಬೇರೆ ಥರ ಅಂದ್ರೆ?"

"ಕೋರ್ಟಲ್ಲಿ ಸಾಕ್ಷಿಗಳ ಹೇಳಿಕೆ ಬರ್ಕೊಳ್ಳೋ ಕೆಲಸದಲ್ಲಿದ್ರು. ಮೂವತ್ತೈದು ವರ್ಷ. ಬಾಯಲ್ಲಿ ಹೇಳಿದ್ದು ಏನೂ ನಂಬಲ್ಲ. ಹಿನ್ನೆಲೆ, ನಂಬಿಕೆ, ರಾಜಕೀಯ, ಬಿಡುವಿದ್ದಾಗ ಏನು ಮಾಡ್ತೀರಿ, ಯಾಕೆ ಮಾಡ್ತೀರಿ, ಎಲ್ಲಾ ಒಂದು ಪುಟದಲ್ಲಿ ಬರ್ದು ಕೊಡಬೇಕು. ಇವತ್ತು ಸಂಜೆ ಐದಕ್ಕೆ ಓದಿ ಅಲ್ಲೇ ತೀರ್ಮಾನ ಹೇಳ್ತಾರೆ."

ಪರೀಕ್ಷಕನಿಗೆ ಮೈ ಹಗುರಾಯಿತು. "ಅದನ್ನ ಇವತ್ತು ಬೆಳಿಗ್ಗೆ ತಾನೇ ಬರೆದಿದೀನಿ ಕಣಯ್ಯ! ನನ್ನ ಬ್ಲಾಗಲ್ಲಿದೆ."

"ಹಾಗಾದ್ರೆ ಅದರ ವಿಳಾಸನೇ ಮೇಡಂಗೆ ಕಳಿಸ್ತೀನಿ. ಐದಕ್ಕೆ ಅಂದ್ರೆ ಐದಕ್ಕೇ ತೆಗೀತಾರೆ, ಒಂದು ನಿಮಿಷ ಮುಂಚೆ ನೋಡಲ್ಲ. ನಾನೂ ಒಂದ್ಸಲ ಓದಿಬಿಡ್ತೀನಿ, ಇರಿ."

ಬಸ್ಸಿನಲ್ಲಿ ಸೀಟು ಕೂಡ ಸಿಕ್ಕಿತು. ಅಷ್ಟು ಹೊತ್ತಿನವರೆಗೆ ಆ ದಿನದಲ್ಲಿ ಯಾವ ತಪ್ಪೂ ಇರಲಿಲ್ಲ.

ಕಚೇರಿಯ ಪರೀಕ್ಷಾ ಕೊಠಡಿಯಲ್ಲಿ ಎರಡು ಮೇಜು. ಒಂದರಲ್ಲಿ ಪರೀಕ್ಷಕ, ಅಂಗಡಿಯವರು ತಂದ ತಕ್ಕಡಿಗಳನ್ನೂ ತೂಕದ ಕಲ್ಲುಗಳನ್ನೂ ಇಲಾಖೆಯ ಅಸಲು ತೂಕದೊಡನೆ ತೂಗಿ ನೋಡುತ್ತಿದ್ದನು. ಅವನು ಒಪ್ಪಿದ ಕಲ್ಲಿಗೆ ಇನ್ನೊಂದು ಮೇಜಿನವನು ಉಳಿಯಿಟ್ಟು ಸುತ್ತಿಗೆಯಿಂದ ಬಡಿದು ಇಲಾಖೆಯ ಮುದ್ರೆ ಒತ್ತುತ್ತಿದ್ದನು. ಅವನನ್ನು ಎಲ್ಲರೂ ಮುದ್ರೆಯವನು ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷಗಳಿಂದ ಇಬ್ಬರೂ ಎದುರುಬದುರು ಕುಳಿತು ಊಟದ ಡಬ್ಬಿ ಬಿಚ್ಚಿದವರು, ಇಬ್ಬರೂ ಬಾಡಿಗೆ ಮನೆಯವರು.

ಪರೀಕ್ಷಕನು ಆ ಪುಟವನ್ನು ಕಚೇರಿಯ ಯಂತ್ರದಲ್ಲಿ ಮುದ್ರಿಸಿ ಗೆಳೆಯನ ಕೈಗಿತ್ತನು. ಮುದ್ರೆಯವನು ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದನು. ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿದನು.

"ಇದನ್ನ ಯಾರಿಗಾದ್ರೂ ತೋರಿಸಿದ್ರಾ?"

"ಕೈಗೆ ಕೊಟ್ಟಿದ್ದು ನಿಮಗೇ ಮೊದಲು."

"ಬಚಾವಾದ್ರಿ. ಇದು ವಿಷ ಕಣ್ರೀ, ತಕ್ಕಡಿಯವರೇ."

"ಯಾವ ಸಾಲು?"

"ಒಂದು ಸಾಲಾಗಿದ್ರೆ ಹೇಳ್ತಿದ್ದೆ." ಮುದ್ರೆಯವನು ನಿಟ್ಟುಸಿರು ಬಿಟ್ಟನು. "ಅಪ್ಪ ಕ್ಷೌರದವರು ಅಂತೀರಿ, ದೇವರು ಗೊತ್ತಿಲ್ಲ ಅಂತೀರಿ, ಗೆದ್ದರೂ ಸೋತೆ ಅಂತೀರಿ. ಇದನ್ನ ಓದಿ ಯಾರ್ರೀ ಮನೆ ಕೊಡ್ತಾರೆ? ಅಂದಹಾಗೆ ಮನೆ ಎಲ್ಲಿರೋದು?"

ಪರೀಕ್ಷಕನು ಹೇಳಿದನು.

"ಅಡುಗೆಮನೆಗೆ ಬಿಸಿಲು ಬೆಳಿಗ್ಗೆ ಬರುತ್ತೋ ಸಂಜೆನೋ?"

"ಬೆಳಿಗ್ಗೆ ಅಂತೆ."

"ನೀರು?"

"ಎರಡು ಹೊತ್ತೂ ಬರುತ್ತಂತೆ."

ಮನೆಯೊಡತಿಯ ಹಿಂದಿನ ಕೆಲಸ, ಒಂದೇ ಪುಟದ ನಿಯಮ, ಐದು ಗಂಟೆಯ ಗಡುವು, ಎಲ್ಲವನ್ನೂ ಮುದ್ರೆಯವನು ಒಂದೊಂದಾಗಿ ಕೇಳಿ ತಿಳಿದುಕೊಂಡನು. ಸ್ವಂತ ತಮ್ಮನಾಗಿದ್ದರೂ ಇಷ್ಟು ಕಳಕಳಿ ತೋರುತ್ತಿರಲಿಲ್ಲವೆಂದು ಪರೀಕ್ಷಕನಿಗೆ ಅನಿಸಿತು. ಕೊನೆಗೆ ಮುದ್ರೆಯವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ತನ್ನ ಜೇಬಿಗೆ ಸೇರಿಸಿದನು.

"ಇದು ಇಲ್ಲಿ ಬಿದ್ದಿದ್ರೆ ಅಪಾಯ. ನಾನೇ ಹರಿದು ಹಾಕ್ತೀನಿ. ನೀವು ಮೊದಲು ಮನೇಲಿ ಕೇಳಿ. ಆಮೇಲೆ ಸಾಹೇಬ್ರಿಗೆ ತೋರಿಸಿ, ಸರ್ಕಾರಿ ಕೆಲಸದಲ್ಲಿರೋರು ರಾಜಕೀಯ ಬರೆದ್ರೆ ಕೇಳೋರಿರ್ತಾರೆ. ಐದು ಗಂಟೆಯೊಳಗೆ ಎಲ್ಲಾ ಬದಲಾಯಿಸಿಬಿಡಿ. ಎಲ್ಲಾ, ಗೊತ್ತಾಯ್ತಾ? ಅರ್ಧಂಬರ್ಧ ಬೇಡ."

ಪರೀಕ್ಷಕನು ಹೆಂಡತಿಗೆ ಫೋನು ಮಾಡಿ ಮೊದಲ ಪ್ಯಾರಾ ಓದಿದನು. ಆ ಕಡೆ ಪಾತ್ರೆ ಕಟ್ಟುತ್ತಿದ್ದ ಸದ್ದು ನಿಂತಿತು.

"ಅಪ್ಪನ ವಿಷಯ ಯಾಕ್ರೀ ಬೇಕಿತ್ತು?"

"ಇದ್ದದ್ದು ಬರೆದೆ."

"ಇದ್ದದ್ದು ಹೇಳೇ ಅಲ್ವಾ ಆ ಮನೆಯೋನು ಲೋಟ ಎತ್ತಿಕೊಂಡು ಹೋಗಿದ್ದು? ನಾನು ದಲ್ಲಾಳಿ ಹತ್ರ ಮಾವನೋರು ಕಂಟ್ರಾಕ್ಟರು ಅಂತ ಹೇಳಿಟ್ಟಿದೀನಿ. ಈಗ ನೀವು ಕತ್ತಿ, ಕನ್ನಡಿ ಅಂತ ಬರೆದ್ರೆ ನನ್ನ ಮಾತು ಏನಾಗುತ್ತೆ?"

"ನಿಂಗೆ ಅಪ್ಪನ ಬಗ್ಗೆ ನಾಚಿಕೆನಾ?"

"ನಾಚಿಕೆ!" ಆಕೆಯ ದನಿ ಏರಿತು. "ಕಡೇ ಎರಡು ವರ್ಷ ಕೈ ಹಿಡಿದು ನಡೆಸಿದೋಳು ನಾನು. ನೀವು ಆಗ ಬ್ಲಾಗು ಬರೀತಿದ್ರಿ. ಮಾವನೋರ ಮೇಲೆ ನಿಮಗಿಂತ ನಂಗೇ ಗೌರವ ಜಾಸ್ತಿ. ಆದ್ರೆ ಆ ಗೌರವಾನ ಇಟ್ಕೊಳ್ಳೋಕೂ ಒಂದು ಮನೆ ಬೇಕಲ್ಲಾ? ಕಂಟ್ರಾಕ್ಟರು ಅಂತ ಬರೀರಿ. ಸಂಜೆ ನಾನೂ ಅಲ್ಲಿಗೆ ಬರ್ತೀನಿ, ಕೇಳಿದ್ರೆ ಅದನ್ನೇ ಹೇಳ್ತೀನಿ."

ಒಂದು ಕುರ್ಚಿ, ಒಂದು ಕನ್ನಡಿ, ಒಂದು ಬೆಂಚು, ಮೂರನ್ನೂ ಅಳಿಸಿದನು. ಆ ಜಾಗದಲ್ಲಿ "ಪ್ರತಿಷ್ಠಿತ ಗುತ್ತಿಗೆದಾರರ ಮನೆತನದಲ್ಲಿ ಜನಿಸಿ" ಎಂದು ಬರೆದನು. ಆ ವಾಕ್ಯಕ್ಕೆ ಅವನ ಅಪ್ಪ, ಎರವಲು ಕೋಟು ತೊಟ್ಟು ಮದುವೆಗೆ ಹೊರಟವನಂತೆ, ಯಾವ ಕಡೆಯಿಂದಲೂ ಹೊಂದುತ್ತಿರಲಿಲ್ಲ.

ಹತ್ತೂವರೆಗೆ ದಲ್ಲಾಳಿ ಓದಿ ಮುಗಿಸಿ ಫೋನು ಮಾಡಿದನು.

"ಸಾರ್, ಏನ್ ಸಾರ್ ಇದು! ಬೆಳಿಗ್ಗೆ ಓದಿದಾಗ ತಂದೆಯವರು ಕ್ಷೌರ ಮಾಡ್ತಿದ್ರು, ಈಗ ನೋಡಿದ್ರೆ ಕಂಟ್ರಾಕ್ಟರು. ಅದು ಬಿಡಿ, ಒಳ್ಳೇದೇ ಆಯ್ತು. ಆದ್ರೆ ಈ ದೇವರ ವಿಷಯ?"

"ಅದು ನಿಜ ಕಣಯ್ಯ."

"ನಿಜ ನಿಮ್ಮ ಹತ್ರ ಇಟ್ಕೊಳ್ಳಿ, ಯಾರು ಬೇಡ ಅಂದ್ರು? ಮೂರು ದಿನ ನಂಬಿದೆ ಅಂತೀರಿ. ದೇವರು ಅಂದ್ರೆ ರಜಾ ಅರ್ಜಿನಾ ಸಾರ್, ಮೂರು ದಿನಕ್ಕೆ ಹಾಕೋಕೆ? ಅಪಾರ ಭಕ್ತಿ ಅಂತ ಬರೀರಿ. ಅಪಾರ ಅಂದ್ರೆ ಯಾರೂ ಅಳೆಯೋಕೆ ಹೋಗಲ್ಲ."

"ಯಾವ ದೇವರು ಅಂತ ಕೇಳಿದ್ರೆ?"

"ಹೆಸರು ಬರೀಬೇಡಿ. ಮೇಡಂ ಅವರಿಗೆ ಬೇಕಾದ ಹೆಸರು ಅವರೇ ತುಂಬ್ಕೋತಾರೆ."

ಅಳೆಯುವುದೇ ವೃತ್ತಿಯಾಗಿದ್ದವನು "ಅಪಾರ" ಎಂಬ ಪದವನ್ನು ಬರೆದದ್ದು ಅದೇ ಮೊದಲು. ಜ್ವರ ಬಂದ ಮಗಳು ಮೂರು ದಿನಗಳ ಸಹಿತ ಪುಟದಿಂದ ಹೊರಗೆ ಹೋದಳು.

ಇಷ್ಟರಲ್ಲಿ ದಿನಸಿ ಅಂಗಡಿಯವನೊಬ್ಬನು ಅರ್ಧ ಗಂಟೆಯಿಂದ ಎದುರಿಗೆ ನಿಂತಿದ್ದನು. ಪರೀಕ್ಷಕನು ಅವನ ತಕ್ಕಡಿಯನ್ನು ನೋಡಿ, "ವಾಲುತ್ತೆ, ತಗೊಂಡು ಹೋಗು" ಎಂದನು.

"ಎಲ್ಲಿ ವಾಲುತ್ತೆ ಸ್ವಾಮಿ? ನಿಮ್ಮ ಎಡಗೈ ಮೊಬೈಲು ಸಮೇತ ತಟ್ಟೆ ಮೇಲಿದೆ!"

ಇದ್ದದ್ದೇ. ಪರೀಕ್ಷಕನು ಕೈ ತೆಗೆದನು. ಮುಳ್ಳು ನಡುವಿಗೆ ಬಂದು ನಿಂತಿತು. ಆದರೆ ಅಂಗಡಿಯವನು ಬಿಡಲಿಲ್ಲ. "ನಿಮ್ಮ ಫೋನಿನ ತೂಕ ನನ್ನ ತಲೆ ಮೇಲೆ ಹಾಕ್ತೀರಾ? ಕರೀರಿ ಸಾಹೇಬ್ರನ್ನ!" ಎಂದು ಕೂಗಿದನು. ಕರೆಯಬೇಕಾಗಲಿಲ್ಲ; ಮೇಲ್ವಿಚಾರಕರು ತಾವೇ ಬಂದರು. ಅಂಗಡಿಯವನನ್ನು ಸಮಾಧಾನ ಮಾಡಿ ಕಳಿಸಿ, ಪರೀಕ್ಷಕನ ಮೊಬೈಲಿಗೆ ಕೈ ಚಾಚಿದರು.

"ಕೆಲಸದ ಹೊತ್ತಲ್ಲಿ ಏನ್ರೀ ಓದ್ತಿದ್ರಿ? ಕೊಡಿ ಇಲ್ಲಿ."

ಅವರು ಗಟ್ಟಿಯಾಗಿ ಓದಿದರು. ಮತದಾನದ ಪ್ಯಾರಾಕ್ಕೆ ಬಂದಾಗ ದನಿ ತಗ್ಗಿತು.

"ಎರಡು ಸಲ ಅವರು ಗೆದ್ದರು, ಆಗ ನಾನು ಸೋತೆ. ಯಾರನ್ನ ಅಂದಿದ್ದು ಇದು? ಈಗ ಇರೋರನ್ನಾ?"

"ಯಾರನ್ನೂ ಅಲ್ಲ ಸಾರ್. ಬರೀ ಲೆಕ್ಕ. ಐದು ಮತ್ತು ಎರಡು ಏಳು."

"ಲೆಕ್ಕಕ್ಕೂ ಒಂದು ಪಕ್ಷ ಇರುತ್ತೆ ಕಣ್ರೀ. ಹೋದ ವರ್ಷ ಆ ಇನ್ನೊಂದು ಇಲಾಖೆಯೋನು ಬರೀ ಒಂದು ನಗೋ ಮುಖದ ಚಿತ್ರ ಹಾಕಿದ್ದಕ್ಕೆ ಎಲ್ಲಿಗೆ ವರ್ಗ ಆಯ್ತು, ಗೊತ್ತಾ? ಅಲ್ಲಿಗೆ ಬಸ್ಸೂ ಹೋಗಲ್ಲ. ನಿಮ್ಮ ಜೊತೆ ನನ್ನನ್ನೂ ಕಳಿಸ್ತೀರಾ? ನಾನು ಹೇಳ್ತೀನಿ, ಬರ್ಕೊಳ್ಳಿ."

ಅವರು ಹೇಳಿದರು, ಅವನು ಬರೆದನು. "ಎಲ್ಲ ಪಕ್ಷಗಳಲ್ಲಿರುವ ಒಳ್ಳೆಯ ಅಂಶಗಳನ್ನೂ ಸಮಾನವಾಗಿ ಗೌರವಿಸುತ್ತೇನೆ." ಬಾಗಿಲವರೆಗೆ ಹೋದ ಮೇಲ್ವಿಚಾರಕರು ಏನೋ ನೆನಪಾಗಿ ಹಿಂದಿರುಗಿದರು. "ಆಡಳಿತದಲ್ಲಿರುವವರನ್ನು ಸ್ವಲ್ಪ ಹೆಚ್ಚಾಗಿ, ಅಂತ ಸೇರಿಸಿ."

"ಸಮಾನವಾಗಿ ಅಂದ ಮೇಲೆ ಹೆಚ್ಚು ಹೇಗೆ ಸಾರ್?"

"ನೀವು ತಕ್ಕಡಿ ನೋಡ್ಕೊಳ್ಳಿ. ವಾಕ್ಯ ನಾನು ನೋಡ್ಕೋತೀನಿ."

ಸೇರಿಸಿದನು. ಇನ್ನು ಉಳಿದದ್ದು ಕೊನೆಯ ಪ್ಯಾರಾ ಮಾತ್ರ: ಯಾಕೆ ಬರೆಯುತ್ತೇನೆ ಎಂಬುದು. ಅದನ್ನಾದರೂ ಹಾಗೆಯೇ ಬಿಡೋಣವೆಂದು ಪರೀಕ್ಷಕನು ಊಟದ ಹೊತ್ತಿನಲ್ಲಿ ಹೇಳಿದಾಗ ಮುದ್ರೆಯವನ ತುತ್ತು ಬಾಯಲ್ಲೇ ನಿಂತಿತು.

"ಅಪ್ಪನ ಕುರ್ಚಿ ಅಂತ ಇದೆಯಲ್ರೀ ಅದರಲ್ಲಿ! ಕಂಟ್ರಾಕ್ಟರಿಗೆ ಎಂಥಾ ಕುರ್ಚಿ?"

"ಕಂಟ್ರಾಕ್ಟರೂ ಕೂತ್ಕೋತಾನಲ್ಲ."

"ಅವನು ಕೂತ್ಕೋತಾನೆ, ಬೇರೆಯವರನ್ನ ಕೂರಿಸಿ ಕೇಳಿಸ್ಕೊಳ್ಳಲ್ಲ. ಬೇಡ, ಬೇಡ. ಸಮಾಜಸೇವೆಗಾಗಿ ಬರೀತೀನಿ ಅಂತ ಹಾಕಿ. ಸಮಾಜಸೇವೆ ಅಂದ್ರೆ ಯಾರೂ ಮುಂದೆ ಪ್ರಶ್ನೆ ಕೇಳಲ್ಲ."

ಪರೀಕ್ಷಕನು ಸ್ವಲ್ಪ ಹೊತ್ತು ಅನ್ನವನ್ನು ಬೆರಳಿನಿಂದ ಕೆದಕುತ್ತ ಕುಳಿತನು. ಒಂಬತ್ತು ವರ್ಷ ಬರೆದದ್ದಕ್ಕೆ ಅವನಿಗಿದ್ದ ಕಾರಣ ಆ ನಾಲ್ಕು ಸಾಲು ಮಾತ್ರವೇ. ಅದಕ್ಕೆ ಎದುರಾಗಿ ಎರಡು ಕೋಣೆ, ಒಂದು ಅಡುಗೆಮನೆ, ಭಾನುವಾರ. ತೂಗಿ ನೋಡಬೇಕಾದ ಅಗತ್ಯವೇನೂ ಇರಲಿಲ್ಲ.

"ಹರಿದು ಹಾಕಿದ್ರಾ ಆ ಕಾಗದ?" ಎಂದು ಕೇಳಿದನು.

"ಆಗ್ಲೇ," ಎಂದನು ಮುದ್ರೆಯವನು. ಎರಡೂವರೆಗೆ ಅವನು ಹಣೆ ಹಿಡಿದುಕೊಂಡು ಅರ್ಧ ದಿನದ ರಜೆ ಬರೆದು ಹೊರಟನು. ಹದಿನೆಂಟು ವರ್ಷ ಸುತ್ತಿಗೆಯ ಸದ್ದಿಗೆ ಬಾರದಿದ್ದ ತಲೆನೋವು ಅಂದು ಬಂದಿತ್ತು. ನನ್ನ ಚಿಂತೆಯಲ್ಲಿ ಅವನಿಗೆ ತಲೆ ಕೆಟ್ಟಿತಲ್ಲ ಎಂದು ಪರೀಕ್ಷಕನು ನೊಂದುಕೊಂಡನು.

ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ, ಬಸ್ಸಿನಲ್ಲಿ ನಿಂತುಕೊಂಡೇ, ಅವನು ಕೊನೆಯ ತಿದ್ದುಪಡಿಯನ್ನು ಒತ್ತಿದನು. ಈಗ ಪುಟದಲ್ಲಿ ನಾಲ್ಕು ವಾಕ್ಯಗಳಿದ್ದವು: ಒಂದು ಹೆಂಡತಿಯದು, ಒಂದು ದಲ್ಲಾಳಿಯದು, ಒಂದು ಮೇಲ್ವಿಚಾರಕರದು, ಒಂದು ಮುದ್ರೆಯವನದು. ಮೇಲೆ 'ನನ್ನ ಬಗ್ಗೆ' ಎಂಬುದು ಮಾತ್ರ ಅವನದು.

ಮನೆಯೊಡತಿಯ ಮುಂಗೋಣೆಯಲ್ಲಿ ಒಂದು ಮೇಜು, ಅದರ ಮೇಲೆ ಒಂದು ಕಂಪ್ಯೂಟರು, ಎರಡು ಪೆನ್ನು, ಗಂಟೆ ಹೊಡೆಯುವ ಒಂದು ಗಡಿಯಾರ. ಎದುರಿಗೆ ಎರಡು ಕುರ್ಚಿ. ಒಂದರಲ್ಲಿ ಆಗಲೇ ಯಾರೋ ಕುಳಿತಿದ್ದರು. ಹಿಂದಿನಿಂದ ನೋಡಿದರೂ ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಹದಿನೆಂಟು ವರ್ಷ ನೋಡಿದ ಭುಜ.

"ತಲೆನೋವು ಹೇಗಿದೆ?" ಎಂದನು ಪರೀಕ್ಷಕ, ಬೇರೇನೂ ತೋಚದೆ.

"ಕಮ್ಮಿ ಆಯ್ತು," ಎಂದು ಮುದ್ರೆಯವನು ಸೂರು ನೋಡಿದನು.

ಮನೆಯೊಡತಿ ಕನ್ನಡಕ ಏರಿಸಿ ಗಡಿಯಾರ ನೋಡಿ, ಐದು ಹೊಡೆಯುವವರೆಗೂ ಸುಮ್ಮನಿದ್ದು, ಆಮೇಲೆ ಕಂಪ್ಯೂಟರಿನಲ್ಲಿ ಪುಟ ತೆರೆದು ಓದಿದರು. ನಾಲ್ಕು ವಾಕ್ಯಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ.

"ಕೂತ್ಕೊಳ್ಳಿ. ಈ ಥರದ್ದೇ ಇನ್ನೂ ಹನ್ನೊಂದು ಬಂದಿವೆ. ಎಲ್ಲರದೂ ಒಳ್ಳೇ ಮನೆತನ, ಎಲ್ಲರಿಗೂ ಅಪಾರ ಭಕ್ತಿ, ಎಲ್ಲರೂ ಸಮಾಜಸೇವೆ. ಇಷ್ಟು ಜನ ಸೇವೆ ಮಾಡ್ತಿದ್ರೆ ಸೇವೆ ಮಾಡಿಸ್ಕೊಳ್ಳೋ ಸಮಾಜ ಎಲ್ಲಿದೆಯೋ ನಂಗಂತೂ ಕಾಣಲಿಲ್ಲ. ಸುಳ್ಳು ಹೇಳೋ ಸಾಕ್ಷಿಗಳು ಹೀಗೇ, ಎಲ್ಲರೂ ಒಂದೇ ಥರ ಮಾತಾಡ್ತಾರೆ." ಆಕೆ ಮೇಜಿನಿಂದ ಕೈಬರಹದ ಹಾಳೆಯೊಂದನ್ನು ಎತ್ತಿದರು. "ಈ ಹನ್ನೆರಡರ ಮಧ್ಯೆ ಇದೊಂದು ಬಂತು. ಇವರು ಗೇಟಿನ ಬೋರ್ಡು ನೋಡ್ಕೊಂಡು ನಾಲ್ಕು ಗಂಟೆಗೆ ಬಂದು ಕೊಟ್ರು. ನೀವೂ ಕೇಳಿ. ಬರೆಯೋ ಹವ್ಯಾಸ ಇದೆಯಲ್ಲ ನಿಮಗೆ, ಕಲಿಯೋದಕ್ಕಾಗುತ್ತೆ."

ಆಕೆ ಓದಿದರು. "ನನ್ನ ಅಪ್ಪ ಕ್ಷೌರದ ಅಂಗಡಿ ಇಟ್ಟಿದ್ದ. ಒಂದು ಕುರ್ಚಿ, ಒಂದು ಕನ್ನಡಿ, ಕಾಯುವವರಿಗೊಂದು ಬೆಂಚು."

ಪರೀಕ್ಷಕನ ಕೈ ಕುರ್ಚಿಯ ಹಿಡಿಯನ್ನು ಹುಡುಕಿತು. ಆಕೆ ಸ್ಪಷ್ಟವಾಗಿ, ಆತುರವಿಲ್ಲದೆ, ನ್ಯಾಯಾಲಯದಲ್ಲಿ ಓದುವಂತೆಯೇ ಓದುತ್ತಿದ್ದರು. ಅವನ ಬರಹವನ್ನು ಒಬ್ಬರು ಗಟ್ಟಿಯಾಗಿ ಓದುವುದನ್ನು ಅವನು ಕೇಳಿದ್ದು ಒಂಬತ್ತು ವರ್ಷಗಳಲ್ಲಿ ಅದೇ ಮೊದಲು. ಜ್ವರದ ಮಾತು ಬಂದಿತು. ಮಗಳಿದ್ದ ಜಾಗದಲ್ಲಿ ಮಗನಿದ್ದನು. ಮುದ್ರೆಯವನಿಗೆ ಇದ್ದವನು ಮಗ. ಬದಲಾದದ್ದು ಅಷ್ಟೇ.

"ಅಮ್ಮಾ, ಅದು ನಂದು!" ಪರೀಕ್ಷಕನು ಎದ್ದು ನಿಂತನು. "ಅವನು ನನ್ನ ಅಪ್ಪ! ಇವರ ತಂದೆ ಅಂಚೆ ಕಚೇರೀಲಿದ್ರು!"

"ಏನ್ರೀ ನೀವು," ಎಂದನು ಮುದ್ರೆಯವನು, ನೋವಾದವನಂತೆ. "ಮನೆಗೋಸ್ಕರ ನನ್ನ ಅಪ್ಪನನ್ನೂ ಕೇಳ್ತೀರಾ?"

ಮನೆಯೊಡತಿ ಕೈ ಎತ್ತಿದರು. "ಒಬ್ಬೊಬ್ಬರಾಗಿ. ನಿಮ್ಮದು ಅನ್ನೋಕೆ ಏನು ಆಧಾರ?"

"ಬೆಳಿಗ್ಗೆ ನನ್ನ ಬ್ಲಾಗಲ್ಲಿ ಇದೇ ಇತ್ತು. ಆಮೇಲೆ ತಿದ್ದಿದೆ."

"ಈ ಪುಟ ತಿದ್ದಿದ್ದು ನಾಲ್ಕು ನಲವತ್ತಕ್ಕೆ ಅಂತ ಇಲ್ಲೇ ಇದೆ. ಇವರ ಹಾಳೆ ನನ್ನ ಕೈಗೆ ಬಂದಿದ್ದು ನಾಲ್ಕಕ್ಕೆ. ನಾಲ್ಕು ಮೊದಲೋ, ನಾಲ್ಕು ನಲವತ್ತು ಮೊದಲೋ?"

ಲೆಕ್ಕದಲ್ಲಿ ತಪ್ಪಿರಲಿಲ್ಲ. ಪರೀಕ್ಷಕನು ಮುಂದಿನ ಸಾಲುಗಳನ್ನು ಬಾಯಿಪಾಠ ಒಪ್ಪಿಸತೊಡಗಿದನು. ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲದೆ ಒಪ್ಪಿಸಿದನು. ಮನೆಯೊಡತಿಯ ಮುಖ ಇನ್ನಷ್ಟು ಬಿಗಿಯಿತು.

"ಇಷ್ಟು ಚೆನ್ನಾಗಿ ನೆನಪಿರೋದೇ ನಂಗೆ ಅನುಮಾನ. ಕಲಿಸಿಕೊಟ್ಟ ಸಾಕ್ಷಿಗಳು ಹೀಗೇ ಹೇಳ್ತಾರೆ. ನಿಜ ಹೇಳೋರು ಎಲ್ಲಾದ್ರೂ ಒಂದು ಕಡೆ ತಡವರಿಸ್ತಾರೆ."

"ದಲ್ಲಾಳಿ ಓದಿದಾನೆ! ಅವನನ್ನ ಕೇಳಿ!"

ಫೋನು ಮಾಡಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟನು. ಮನೆಯೊಡತಿ ಕೇಳಿದರು: "ಈ ಪುಟದಲ್ಲಿ ಬೆಳಿಗ್ಗೆ ಕ್ಷೌರದ ಅಂಗಡಿ, ದೇವರು ಗೊತ್ತಿಲ್ಲ ಅಂತೆಲ್ಲ ಇತ್ತಂತೆ. ನೀವು ಓದಿದ್ರಾ?"

ದಲ್ಲಾಳಿಯ ದನಿ ಜೇನಿನಲ್ಲಿ ಅದ್ದಿ ತೆಗೆದಂತೆ ಬಂದಿತು.

"ಛೆ ಛೆ, ಯಾರು ಮೇಡಂ ಹಾಗೆ ಚಾಡಿ ಹೇಳಿದ್ದು? ಇವರು ದೊಡ್ಡ ಭಕ್ತರು. ಕಂಟ್ರಾಕ್ಟರ ಮಗ. ನಾನು ಬೆಳಿಗ್ಗೆಯಿಂದ ಮೂರು ಸಲ ಓದಿದೀನಿ, ಅಂಥದ್ದು ಒಂದಕ್ಷರ ಇಲ್ಲ!"

"ಏಯ್, ನಿಜ ಹೇಳಯ್ಯ!" ಎಂದು ಪರೀಕ್ಷಕನು ಕೂಗಿದನು.

"ನಿಜನೇ ಹೇಳ್ತಿದೀನಿ ಸಾರ್, ನೀವು ಹೆದರ್ಬೇಡಿ!" ಎಂದು ದಲ್ಲಾಳಿ ಫೋನು ಇಟ್ಟನು.

ಮನೆಯೊಡತಿ ಹಾಳೆಯೊಂದರ ಮೇಲೆ ಏನೋ ಬರೆದುಕೊಂಡರು. "ನೀವೇ ಕರೆದ ಸಾಕ್ಷಿ. ಇನ್ನು ಯಾರಾದ್ರೂ ಇದಾರಾ?"

ಆ ಹೊತ್ತಿಗೆ ಬಾಗಿಲಲ್ಲಿ ಹೆಂಡತಿ ಕಾಣಿಸಿಕೊಂಡಳು. ಎರಡು ಬಸ್ಸು ಬದಲಾಯಿಸಿ ಬಂದು ಏದುಸಿರು ಬಿಡುತ್ತಿದ್ದಳು. ಕೂದಲಲ್ಲಿ ಸಾಮಾನು ಕಟ್ಟಿದ ಧೂಳು ಇನ್ನೂ ಇತ್ತು. ಮುದ್ರೆಯವನನ್ನು ಕಂಡು ಅವಳ ಮುಖ ಅರಳಿತು.

"ಅಯ್ಯೋ, ನೀವೂ ಬಂದಿದೀರಾ ಅಣ್ಣಾ? ನಮ್ಮ ಪರವಾಗಿ ನಾಲ್ಕು ಮಾತು ಹೇಳೋಕೆ? ನಿಮ್ಮ ಉಪಕಾರ ಮರೆಯಲ್ಲ."

ಮುದ್ರೆಯವನು ಮತ್ತೆ ಸೂರು ನೋಡಿದನು.

ಪರೀಕ್ಷಕನು ಬಾಯಿ ತೆರೆದನು. ಮನೆಯೊಡತಿ ಪೆನ್ನಿನಿಂದ ಮೇಜು ಕುಟ್ಟಿದರು.

"ನೀವು ಮಾತಾಡಬಾರದು. ಸನ್ನೆನೂ ಮಾಡಬಾರದು. ಅಮ್ಮಾ, ನೀವು ಇವರ ಹೆಂಡತಿ ತಾನೇ? ಒಂದೇ ಪ್ರಶ್ನೆ. ನಿಮ್ಮ ಮಾವನೋರು ಏನು ಕೆಲಸ ಮಾಡ್ತಿದ್ರು?"

ಹೆಂಡತಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. ಬೆಳಿಗ್ಗೆಯಿಂದ ಅವಳು ಕಾಯುತ್ತಿದ್ದದ್ದು ಈ ಪ್ರಶ್ನೆಗೆ.

"ಕಂಟ್ರಾಕ್ಟರು ಅಮ್ಮ," ಎಂದಳು, ತಡವರಿಸದೆ. ಗಂಡನ ಮುಖ ನೋಡಿ, ಸಾಲದೇನೋ ಎಂದುಕೊಂಡು, ಸೇರಿಸಿದಳು: "ಒಂದು ಸೇತುವೆನೂ ಕಟ್ಟಿಸಿದಾರೆ."

ಮನೆಯೊಡತಿ ಅದನ್ನೂ ಬರೆದುಕೊಂಡು ಕೆಳಗೆ ಗೆರೆ ಎಳೆದರು. "ಸಾಕು. ತೀರ್ಮಾನ ಆಯ್ತು, ಇನ್ನು ನೀವು ಹೊರಡಬಹುದು." ಪರೀಕ್ಷಕನ ಕಡೆಗೆ ತಿರುಗಿ, ದನಿ ತಗ್ಗಿಸಿ ಹೇಳಿದರು: "ಸೇತುವೆ ಕಟ್ಟಿಸಿದ ತಂದೇನ ಬಿಟ್ಟು, ಬೇರೆಯವರ ತಂದೆಗೆ ಆಸೆ ಪಟ್ರಲ್ಲ. ಅವರು ಇದ್ದಿದ್ರೆ ಎಷ್ಟು ನೊಂದ್ಕೊಳ್ತಿದ್ರು, ಯೋಚನೆ ಮಾಡಿ."

ಅವನು ಯೋಚನೆ ಮಾಡಿದನು. ಹೇಳಬೇಕಾದುದೆಲ್ಲ ಆ ಮೇಜಿನ ಮೇಲೆ, ಇನ್ನೊಬ್ಬನ ಕೈಬರಹದಲ್ಲಿತ್ತು.

ಗೇಟಿನ ಹೊರಗೆ ಬಂದಾಗ ಹೆಂಡತಿ ತಿರುಗಿ ಮನೆಯನ್ನು ಒಮ್ಮೆ ಕಣ್ತುಂಬ ನೋಡಿದಳು. ಹಿಂದುಗಡೆಯ ಬಟ್ಟೆ ಒಣಗಿಸುವ ತಂತಿಯನ್ನು ಬೆರಳು ಮಾಡಿ ತೋರಿಸಿದಳು. ಆಮೇಲೆ ಗಂಡನ ತೋಳು ಹಿಡಿದು ಪಿಸುಗುಟ್ಟಿದಳು.

"ಸರಿಯಾಗಿ ಹೇಳಿದೆ ತಾನೇ?"

"ಸರಿಯಾಗೇ ಹೇಳಿದೆ," ಎಂದನು ಪರೀಕ್ಷಕ.

"ಹಾಗಾದ್ರೆ ಬೀಗದಕೈ ಯಾವತ್ತು ಕೊಡ್ತಾರಂತೆ?"